ಒಲೆಯ ಪಕ್ಕದ ಚೌಕ

ನವೆಂಬರ್ 10

ಈ ನೋಟುಬುಕ್ಕನ್ನು ಸಲೋಮತ್ ಅಪಾ ಕೊಟ್ಟರು. ದಿನಾ ನಾಲ್ಕು ಸಾಲು ಬರೆ, ಕೈ ಪಳಗುತ್ತದೆ, ಯಾರಿಗೂ ತೋರಿಸಬೇಕಾಗಿಲ್ಲ ಎಂದರು. ಆ ಕೊನೆಯ ಮಾತಿನಿಂದ ಧೈರ್ಯ ಬಂತು.

ನನ್ನ ಹೆಸರು ಮವ್ಜುದಾ. ಶಾಲೆಯ ಒಲೆಗಳನ್ನು ಹಚ್ಚುತ್ತೇನೆ, ಗುಡಿಸುತ್ತೇನೆ, ಗಂಟೆ ಹೊಡೆಯುತ್ತೇನೆ. ಓದಿದ್ದು ಇದೇ ಶಾಲೆಯಲ್ಲಿ, ನಾಲ್ಕನೇ ತರಗತಿಯವರೆಗೆ. ಆಮೇಲೆ ಯುದ್ಧ ಬಂತು. ಅಪ್ಪ ಮನೆಯಲ್ಲೇ ಇರು ಎಂದರು. ಯುದ್ಧ ಮುಗಿದ ಮೇಲೆ ಹೋಗು ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸಲೋಮತ್ ಅಪಾ, ನಮಗೆಲ್ಲ ಹಿರಿಯಕ್ಕ, ಜಿಲ್ಲಾ ಪಟ್ಟಣದವರು, ಮೂವತ್ತು ವರ್ಷ ಪಾಠ ಮಾಡಿದವರು. ಈಗ ನಮ್ಮ ಕಣಿವೆಯ ನಾಲ್ಕು ಶಾಲೆಗಳಿಗೆ ಎರಡು ವಾರಕ್ಕೊಮ್ಮೆ ಹಿಟ್ಟಿನ ಲಾರಿಯಲ್ಲಿ ಬಂದು, ಶಿಕ್ಷಕರ ಜೊತೆ ಕೂತು, ಪಾಠ ಇನ್ನೂ ಚೆನ್ನಾಗಿ ಆಗುವುದು ಹೇಗೆ ಎಂದು ಮಾತಾಡುತ್ತಾರೆ. ತಪಾಸಣೆಗೆ ಬಂದವರಲ್ಲ. ಆದರೂ ಹೆಡ್ಮಾಸ್ಟರ್ ನೋಸಿರ್ ಅಕಾ ನನ್ನ ಕೈಯಲ್ಲಿ ಎರಡು ಸಲ ನೆಲ ಒರೆಸಿಸಿದರು.

ನಿನ್ನೆ ಅವರು ಶಿಕ್ಷಕಿ ಹಂಗೋಮಾಳ ಮೂರನೇ ತರಗತಿಯಲ್ಲಿ ಕೂತಿದ್ದರು. ಪ್ರಶ್ನೆ ಕೇಳಿದರೆ ಸಾಕು, ಇಪ್ಪತ್ತಾರು ಕೈಗಳೂ ಮೇಲೆ. ಕರೆದವರೆಲ್ಲ ಸರಿಯಾದ ಉತ್ತರವನ್ನೇ ಹೇಳಿದರು. ಪಾಠ ಮುಗಿದ ಮೇಲೆ ಅಪಾ ಕೈ ಕಾಯಿಸಿಕೊಳ್ಳಲು ಒಲೆಯ ಹತ್ತಿರ ಬಂದು ನನ್ನನ್ನು ಮೆಲ್ಲಗೆ ಕೇಳಿದರು.

"ಏನಮ್ಮಾ, ಈ ಊರಲ್ಲಿ ಎಡಚ ಮಕ್ಕಳು ಜಾಸ್ತಿ ಅಲ್ವಾ?"

ನನ್ನ ಕಿವಿ ಬಿಸಿಯಾಯಿತು. ಗೊತ್ತಿದ್ದರೆ ಬಲಗೈ, ಗೊತ್ತಿಲ್ಲದಿದ್ದರೆ ಎಡಗೈ, ಕರೆಯುವುದು ಬಲಗೈಯವರನ್ನು ಮಾತ್ರ. ಹಿಂದಿನ ದಿನವೆಲ್ಲ ಅದರ ಅಭ್ಯಾಸ ನಡೆದಿತ್ತು.

"ಹೆದರಬೇಡ. ಈ ವಿದ್ಯೆ ನಾನೇ ಇಪ್ಪತ್ತು ವರ್ಷ ಕಲಿಸಿದ್ದೀನಿ. ಸಾಹೇಬ್ರುಗಳು ಖುಷಿಯಾಗಿ ಹೋಗ್ತಿದ್ರು. ಎಡಗೈಯೋರು ಎಲ್ಲಿಗೆ ಹೋದ್ರೋ, ನಾನು ನೋಡಲೇ ಇಲ್ಲ."

ನವೆಂಬರ್ 12

ಅಪಾ ಕೂತರೆ ತರಗತಿ ನಾಟಕವಾಗುತ್ತದೆ. ನಾನು ಕೂತರೆ ಆಗುವುದಿಲ್ಲ. ಒಲೆ ನೋಡಿಕೊಳ್ಳುವವಳನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ? ಅದಕ್ಕೇ ಈ ಕೆಲಸ ನನಗೆ ಬಂತು. ಒಂದು ಕಾಗದದ ಮೇಲೆ ಹದಿಮೂರು ಬೆಂಚು, ಇಪ್ಪತ್ತಾರು ಚೌಕ. ಹಂಗೋಮಾ ಯಾವ ಮಗುವನ್ನು ಪ್ರಶ್ನೆ ಕೇಳುತ್ತಾಳೋ ಆ ಚೌಕದಲ್ಲಿ ಒಂದು ಚುಕ್ಕೆ ಇಡಬೇಕು. ಉತ್ತರ ಸರಿಯೋ ತಪ್ಪೋ ನನಗೆ ಬೇಡ.

ಹಂಗೋಮಾ ಒಂದು ಮಾತಿನ ಮೇಲೆ ಒಪ್ಪಿದಳು. ಕಾಗದ ಅವಳದು. ಅಪಾ ಬಿಟ್ಟು ಇನ್ನಾರೂ ನೋಡಕೂಡದು. ಅಪಾ ಊರಿಗೆ ಹೊರಡುವ ಮೊದಲು ನಮ್ಮಿಬ್ಬರ ಕೈಯನ್ನೂ ಹಿಡಿದು ಹಾಗೇ ಆಗಲಿ ಎಂದರು. ಅವಳ ಮನೆಯಲ್ಲಿ ಅಣ್ಣನ ಮಕ್ಕಳು ಸಿಕ್ಕಿದ್ದನ್ನೆಲ್ಲ ಹರಿಯುತ್ತಾರೆ. ಆದ್ದರಿಂದ ಕಾಗದಗಳು ನನ್ನ ಸೌದೆ ಕೋಣೆಯ ಬಿಸ್ಕತ್ತಿನ ಡಬ್ಬದಲ್ಲಿರಲಿ ಎಂದಾಯಿತು.

ಹಂಗೋಮಾ ಮತ್ತು ನಾನು ನಾಲ್ಕು ವರ್ಷ ಒಂದೇ ಬೆಂಚಿನಲ್ಲಿ ಕೂತವರು. ಯುದ್ಧದಲ್ಲಿ ಅವಳ ಮನೆಯವರು ಪಟ್ಟಣಕ್ಕೆ ಓಡಿದರು. ಅಲ್ಲಿ ಅವಳು ಓದು ಮುಂದುವರಿಸಿದಳು. ಮಕ್ಕಳ ಎದುರಿಗೆ, ಶಿಕ್ಷಕಿಯರನ್ನು ಎಲ್ಲರೂ ಕರೆಯುವಂತೆ, ನಾನೂ ಅವಳನ್ನು ಮುಅಲ್ಲಿಮಾ ಎನ್ನುತ್ತೇನೆ. ಯಾರೂ ಇಲ್ಲದಾಗ ಹೆಸರು ಹಿಡಿದು ಕರೆಯುತ್ತೇನೆ. ಈಚೆಗೆ ಆಗಲೂ ನಾಲಗೆ ತಡವರಿಸುತ್ತದೆ.

ನವೆಂಬರ್ 19

ಮೊದಲ ಕಾಗದ. ಒಂದು ಪಾಠದಲ್ಲಿ ಮೂವತ್ತೊಂದು ಚುಕ್ಕೆ. ಮುಂದಿನ ಬೆಂಚಿನ ಫರ್ರೂಖನ ಚೌಕದಲ್ಲಿ ಒಂಬತ್ತು, ಜಾಗವೇ ಉಳಿದಿಲ್ಲ. ಹಿಂದಿನ ಮೂರು ಬೆಂಚಿನ ಆರು ಚೌಕಗಳಲ್ಲಿ ಒಂದೂ ಇಲ್ಲ. ಆ ಬೆಂಚುಗಳು ಒಲೆಯ ಪಕ್ಕದಲ್ಲಿವೆ. ಬೆಚ್ಚಗಿರುತ್ತದೆ, ಆದರೆ ಹೊಗೆ.

ಒಲೆಗೆ ತೀರ ಹತ್ತಿರದ ಚೌಕ ನಿಸೋಳದು. ಒಂಬತ್ತು ವರ್ಷದ ಹುಡುಗಿ. ಪ್ರತಿ ಮಗುವೂ ಬೆಳಿಗ್ಗೆ ಮನೆಯಿಂದ ಒಲೆಗೆ ಒಂದು ಬೆರಣಿ ತರಬೇಕೆಂಬ ನಿಯಮವಿದೆ. ನಿಸೋ ಎರಡು ತರುತ್ತಾಳೆ. ಅವಳ ತಂದೆ ಸಂಗಿನ್ ಅಕಾ ಮೊನ್ನೆ ಬೇಲಿಯ ಹತ್ತಿರ ನಿಂತು ನನಗೆ ಹೇಳಿದರು, ಬೆರಣಿ ಹೊರುವುದಕ್ಕೆ ಶಾಲೆ ಯಾಕೆ, ನವ್‌ರೂಜ್ ಹಬ್ಬದ ಹೊತ್ತಿಗೆ ಒಂದು ಪುಟ ತಡೆಯದೆ ಓದಿದರೆ ಸರಿ, ಇಲ್ಲದಿದ್ದರೆ ಮನೆಯಲ್ಲಿ ಕೂಸು ನೋಡಿಕೊಳ್ಳಲಿ ಎಂದು. ಅವರ ಹೆಂಡತಿ ಹೆರಿಗೆಯಾದ ಮೇಲೆ ಎದ್ದಿಲ್ಲ. ದೊಡ್ಡ ಮಗ ರಷ್ಯಾಕ್ಕೆ ದುಡಿಯಲು ಹೋಗಿದ್ದಾನೆ. ಕೆಟ್ಟ ಮನುಷ್ಯರಲ್ಲ.

ಓದುವಾಗ ಆ ಬೆಂಚಿನಲ್ಲಿ ನಾನೂ ಕೂತಿದ್ದೆ. ಹಂಗೋಮಾ ಗೋಡೆಯ ಕಡೆ, ನಾನು ಒಲೆಯ ಕಡೆ.

ನವೆಂಬರ್ 24

ಅಪಾ ಬಂದರು. ಕಾಗದವನ್ನು ಮೇಜಿನ ಮೇಲಿಟ್ಟು ಹಂಗೋಮಾಳನ್ನು ಒಂದೇ ಮಾತು ಕೇಳಿದರು. "ಏನು ಕಾಣ್ತಿದೆ?" ಆಮೇಲೆ ಚಹಾ ಕುಡಿದರು. ಅವರು ಹೀಗೆ ಮಾಡು, ಹಾಗೆ ಮಾಡು ಎಂದು ಯಾರಿಗೂ ಹೇಳುವುದಿಲ್ಲ.

ಹಂಗೋಮಾ ತುಂಬ ಹೊತ್ತು ನೋಡಿದಳು. ಮುಖ ಕೆಂಪಾಯಿತು. "ನಾಲ್ಕನೇ ಕ್ಲಾಸಿನೋಳು ಎಣಿಸಿದ್ದು. ತಪ್ಪಿರುತ್ತೆ ಬಿಡಿ," ಎಂದಳು.

ನಾನು ಬೂದಿ ಎತ್ತುತ್ತಿದ್ದೆ, ಎತ್ತುತ್ತಲೇ ಇದ್ದೆ.

ಅಪಾ ಬೇಸರ ಮಾಡಿಕೊಳ್ಳಲಿಲ್ಲ. "ನನ್ನ ಕಾಗದ ಯಾರೂ ಬರೀಲಿಲ್ಲ ಮಗಳೇ. ಬರೆದಿದ್ರೆ ಇದಕ್ಕಿಂತ ಕೆಟ್ಟದಾಗಿರ್ತಿತ್ತು," ಎಂದರು.

ನವೆಂಬರ್ 25

ಹಂಗೋಮಾ ಬೆಳಿಗ್ಗೆ ಬಿಸಿ ರೊಟ್ಟಿ ತಂದು ಸೌದೆ ಕೋಣೆಯಲ್ಲಿಟ್ಟು ಹೋದಳು. ಅರ್ಧ ತಿಂದೆ, ಅರ್ಧ ಅಮ್ಮನಿಗೆ ಒಯ್ದೆ.

ಡಿಸೆಂಬರ್ 8

ಇದನ್ನು ಉದ್ದವಾಗಿ ಬರೆಯಬೇಕು. ಹಂಗೋಮಾ ಇಪ್ಪತ್ತಾರು ಜರ್ದಾಳು ಬೀಜಗಳ ಮೇಲೆ ಮಸಿಯಿಂದ ಮಕ್ಕಳ ಹೆಸರು ಬರೆದು ತಂದಿದ್ದಾಳೆ. ಫರ್ರೂಖನ ಟೋಪಿ ಕೇಳಿ ತೆಗೆದುಕೊಂಡು ಅದರೊಳಗೆ ಹಾಕಿ ಕುಲುಕಿದಳು. ಯಾರ ಬೀಜ ಬಂದರೆ ಅವರಿಗೆ ಪ್ರಶ್ನೆ. ಕೈ ಎತ್ತುವುದೇ ಬೇಡ. ಇದು ಅಪಾ ಹೇಳಿಕೊಟ್ಟದ್ದಲ್ಲ, ಅವಳದೇ ಯೋಚನೆ.

ಮೊದಲ ದಿನ ಗಲಾಟೆಯೋ ಗಲಾಟೆ. ಫರ್ರೂಖನ ಬೀಜ ಬರಲೇ ಇಲ್ಲ. ಅವನು ಅಳುವ ಹಾಗಾಗಿ, ಟೋಪಿ ನನ್ನದು ತಾನೇ ಎಂದು ಕೇಳಿದ. ಮೂರನೆಯ ಸಲಕ್ಕೆ ನಿಸೋಳದು ಬಂತು. ಅವಳು ಎದ್ದು ನಿಂತು ಬಾಯಿ ತೆರೆಯಲಿಲ್ಲ. ಹಂಗೋಮಾ ಕಾದಳು. ಮುಂದಿನ ಬೆಂಚಿನವರು ನಾನು ನಾನು ಎಂದರು. ಹಂಗೋಮಾ ಅವರ ಕಡೆ ತಿರುಗಲಿಲ್ಲ. ಒಲೆಯಲ್ಲಿ ಎರಡು ಸಲ ಚಟಪಟ ಎಂದಿತು. ಆಮೇಲೆ ನಿಸೋ ಹನ್ನೆರಡು ಎಂದಳು. ಹದಿನಾಲ್ಕಾಗಬೇಕಿತ್ತು. ಹಂಗೋಮಾ ತಪ್ಪು ಎನ್ನಲಿಲ್ಲ, ಹನ್ನೆರಡಕ್ಕೆ ಹೇಗೆ ಬಂದೆ ಎಂದು ಕೇಳಿದಳು. ನಿಸೋ ಬೆರಳು ಮಡಿಸಿ ತೋರಿಸುತ್ತ ತೋರಿಸುತ್ತ ತಾನೇ ಹದಿನಾಲ್ಕಕ್ಕೆ ಬಂದಳು.

ನಾನು ಅವಳ ಚೌಕದಲ್ಲಿ ಚುಕ್ಕೆ ಇಟ್ಟೆ. ಪೆನ್ಸಿಲ್ ಒತ್ತಿ ಕಾಗದ ತೂತಾಯಿತು.

ಡಿಸೆಂಬರ್ 22

ಚುಕ್ಕೆಗಳು ಈಗ ಎಲ್ಲ ಕಡೆಯೂ ಇವೆ. ಅಪಾ ಇವತ್ತು ಕಾಗದಗಳನ್ನು ಸಾಲಾಗಿ ಜೋಡಿಸಿ ಏನು ಕಾಣ್ತಿದೆ ಎಂದಾಗ ಹಂಗೋಮಾ ನಕ್ಕಳು. ಆಮೇಲೆ ಅಪಾ ನನ್ನ ಕಡೆ ತಿರುಗಿ ನಿನಗೇನು ಕಾಣ್ತಿದೆ ಎಂದರು. ನಾನು ಒಲೆಗೆ ಬೆರಣಿ ಹಾಕಲು ಎದ್ದೆ. ಮನೆಗೆ ಹೋಗುವ ದಾರಿಯುದ್ದಕ್ಕೂ ಉತ್ತರ ಹೊಳೆಯುತ್ತಿತ್ತು.

ಜನವರಿ 15

ಚಳಿಗೆ ಶಾಲೆ ಮುಚ್ಚಿದೆ. ಕರೆಂಟು ಇಲ್ಲ. ಬರೆಯಲು ಏನೂ ಇಲ್ಲ.

ಜನವರಿ 29

ಶಾಲೆ ತೆರೆದು ನಾಲ್ಕು ದಿನವಾಯಿತು. ಇವತ್ತು ಹೆಡ್ಮಾಸ್ಟರು ಸೌದೆ ಕೋಣೆಗೆ ಬಂದರು. ಈ ಹಿಂದೆ ಅವರು ಅಲ್ಲಿಗೆ ಬಂದದ್ದೇ ಇಲ್ಲ. ಮಾರ್ಚಿನಲ್ಲಿ ಜಿಲ್ಲೆಯಿಂದ ತಪಾಸಣೆಗೆ ಬರುತ್ತಾರಂತೆ, ಸಲೋಮತ್ ಅಪಾ ಬಂದು ಹೋಗಿದ್ದರಿಂದ ಏನು ಪ್ರಯೋಜನವಾಯಿತೆಂದು ಕಾಗದದಲ್ಲಿ ತೋರಿಸಬೇಕಂತೆ. ನೀನು ಏನೋ ಬರೆದಿಡ್ತಿದ್ದೀಯಂತಲ್ಲ, ಕೊಡು ನೋಡೋಣ ಎಂದರು.

ಅದು ಮುಅಲ್ಲಿಮಾದು ಎಂದೆ. ಹೇಳಿದೆನೋ, ಬರಿಯ ತುಟಿ ಅಲ್ಲಾಡಿತೋ. ಅವರು ಡಬ್ಬ ತೆಗೆದು ಮೇಲಿನ ಒಂದು ಕಾಗದವನ್ನು ಬೆಳಕಿಗೆ ಹಿಡಿದರು.

"ಅಬ್ಬಾ, ಎಷ್ಟು ಅಚ್ಚುಕಟ್ಟು. ನಮ್ಮ ಮೇಷ್ಟ್ರುಗಳ ಬರವಣಿಗೆಗಿಂತ ಚೆನ್ನಾಗಿದೆಯಲ್ಲಮ್ಮ. ನೀನು ಓದಬೇಕಿತ್ತು."

ನಾನೇ ಉಳಿದವನ್ನೆಲ್ಲ ಜೋಡಿಸಿ, ಮೂಲೆ ಸರಿಮಾಡಿ, ದಾರ ಕಟ್ಟಿ ಅವರ ಕೈಗೆ ಕೊಟ್ಟೆ.

ಹೆದರಿ ಕೊಟ್ಟೆ ಎಂದು ಬರೆಯಲು ಹೊರಟಿದ್ದೆ. ಯಾರಿಗೂ ತೋರಿಸದ ಪುಸ್ತಕದಲ್ಲಿ ಸುಳ್ಳು ಯಾಕೆ? ಹೊಗಳಿದರು, ಅದಕ್ಕೆ ಕೊಟ್ಟೆ.

ಫೆಬ್ರವರಿ 2

ಇವತ್ತು ಶಿಕ್ಷಕರ ಸಭೆ. ಅಪಾ ಕೂಡ ಬಂದಿದ್ದರು. ನಾನು ಚಹಾ ಹಾಕುತ್ತಿದ್ದೆ. ಹೆಡ್ಮಾಸ್ಟರು ದಾರ ಬಿಚ್ಚಿದರು. ಒಳ್ಳೆಯದನ್ನೇ ತೋರಿಸಲು ಹೊರಟಿದ್ದರೋ ಏನೋ. ಆದರೆ ನಾನು ತಾರೀಖಿನ ಪ್ರಕಾರ ಜೋಡಿಸಿದ್ದರಿಂದ ಮೊದಲು ಸಿಕ್ಕಿದ್ದು ನವೆಂಬರಿನ ಕಾಗದ. ಅದನ್ನೇ ಗಟ್ಟಿಯಾಗಿ ಓದಿದರು. ಫರ್ರೂಖ್ ಒಂಬತ್ತು. ಹಿಂದಿನ ಆರು ಮಕ್ಕಳು ಸೊನ್ನೆ.

"ಫರ್ರೂಖ್ ನಿಮ್ಮ ಅಕ್ಕನ ಮಗ ಅಲ್ವಾ ಮುಅಲ್ಲಿಮಾ?" ಎಂದು ಲೆಕ್ಕದ ಮೇಷ್ಟ್ರು ಕೇಳಿದರು. ಎಲ್ಲರೂ ನಕ್ಕರು. ಆಮೇಲಿನ ಕಾಗದಗಳನ್ನು ಯಾರೂ ಬಿಡಿಸಲಿಲ್ಲ.

ಹಂಗೋಮಾ ತಿರುಗಿ ಅಪಾ ಕಡೆ ನೋಡಿದಳು. ಅಪಾ ನನ್ನ ಕಡೆ ನೋಡಿದರು. ನನ್ನ ಕೈಯಲ್ಲಿದ್ದ ಹೂಜಿಯಿಂದ ಚಹಾ ಬಟ್ಟಲು ತುಂಬಿ, ತಟ್ಟೆ ತುಂಬಿ, ಮೇಜಿನ ಮೇಲೆ ಹರಿಯಿತು. ಈಗ ಹೇಳಬೇಕು ಎಂದುಕೊಂಡೆ. ಬಟ್ಟೆ ತಂದು ಒರೆಸಿದೆ.

"ತಪ್ಪು ನನ್ನದು. ಆ ಕಾಗದ ಕಾಯೋದು ನನ್ನ ಜವಾಬ್ದಾರಿಯಾಗಿತ್ತು," ಎಂದರು ಅಪಾ. ಅಷ್ಟೇ. ಅದನ್ನು ಕೊಟ್ಟವರು ಅವರೇ ಎಂದು ಎಲ್ಲರೂ ತಿಳಿದುಕೊಂಡರು. ಅಪಾ ಮುಖ ನೋಡದೆ ಹಂಗೋಮಾ ಎದ್ದು ಹೋದಳು.

ಲಾರಿ ಹೊರಡುವಾಗ ನಾನು ಬಾವಿಯ ಹತ್ತಿರ ಇದ್ದೆ. ಅಪಾ ಕೈಬೀಸಿದರು. ನಾನೂ ಬೀಸಿದೆ. ಏನೂ ಆಗದ ಹಾಗೆ ಬೀಸಿದೆ.

ಫೆಬ್ರವರಿ 3

ಬರೆಯಲು ಮನಸ್ಸಿಲ್ಲ.

ಫೆಬ್ರವರಿ 16

ಇನ್ನು ಮೇಲೆ ತನ್ನ ತರಗತಿಗೆ ಸಲೋಮತ್ ಅಪಾ ಬರುವುದು ಬೇಡ ಎಂದು ಹಂಗೋಮಾ ಬರೆದುಕೊಟ್ಟಳು. ಉಳಿದ ಶಿಕ್ಷಕರೂ ಅವಳ ಹಿಂದೆಯೇ ಬರೆದುಕೊಟ್ಟರು. ಹಿಟ್ಟಿನ ಲಾರಿ ಬಂತು, ಅಪಾ ಇರಲಿಲ್ಲ.

ಜರ್ದಾಳು ಬೀಜಗಳು ಬೆರಣಿ ಬುಟ್ಟಿಯಲ್ಲಿ ಬಿದ್ದಿದ್ದವು. ಉರಿಗೆ ಚೆನ್ನಾಗಿರುತ್ತವೆ, ಹಾಕು ಎಂದಳು ಹಂಗೋಮಾ. ನಾನು ಹಾಕಲಿಲ್ಲ. ಡಬ್ಬ ಖಾಲಿ ಇತ್ತು, ಅದರೊಳಗಿಟ್ಟೆ.

ತಪಾಸಣೆಯ ಪಾಠಕ್ಕೆ ಅಭ್ಯಾಸ ಶುರುವಾಗಿದೆ. ಯಾರ್‍ಯಾರು ಬಲಗೈ, ಯಾರ್‍ಯಾರು ಎಡಗೈ ಎಂದು ಹಂಗೋಮಾ ಈಗಲೇ ಹಂಚಿಬಿಟ್ಟಿದ್ದಾಳೆ. ನಿಸೋ ಎಡಗೈ.

ಫೆಬ್ರವರಿ 18

ನಿಸೋ ಊಟದ ಬಿಡುವಿನಲ್ಲಿ ಸೌದೆ ಕೋಣೆಗೆ ಬಂದು ಬೀಜ ಎಲ್ಲಿ ಎಂದು ಕೇಳಿದಳು. ಡಬ್ಬ ತೋರಿಸಿದೆ. ತನ್ನ ಹೆಸರಿನದನ್ನು ಹುಡುಕಿ ಓದಿದಳು. ಆಮೇಲೆ ಪಕ್ಕದ್ದು. ಇಪ್ಪತ್ತಾರನ್ನೂ ಓದಿಸಿದೆ. ತಪ್ಪಿದಾಗ, ಹಂಗೋಮಾ ಕೇಳಿದ ಹಾಗೆ, ಅಲ್ಲಿಗೆ ಹೇಗೆ ಬಂದೆ ಎಂದು ಕೇಳಿದೆ. ನಾಳೆ ಪುಸ್ತಕ ತಾ ಎಂದೆ. ಬೆರಣಿ ಒದ್ದೆಯಾಗಿದೆ, ಹೊಗೆ ಬಹಳ.

ಫೆಬ್ರವರಿ 26

ಈಗ ನಾಲ್ಕು ಮಕ್ಕಳು ಬರುತ್ತಾರೆ. ಎಲ್ಲರೂ ಹಿಂದಿನ ಬೆಂಚಿನವರು. ಗಂಟೆ ಹೊಡೆಯುವುದು ತಡವಾಯಿತೆಂದು ಹೆಡ್ಮಾಸ್ಟರು ಬೈದರು. ಕಾಗದ ಕೊಟ್ಟವಳು ನಾನು ಎಂದು ಹಂಗೋಮಾಗೆ ಹೇಳಬೇಕು. ಇವತ್ತು ಹೇಳಬೇಕೆಂದೇ ಹೋಗಿದ್ದೆ. ಅವಳು ತಲೆ ಎತ್ತದೆ, ಒಲೆ ಆರಿದೆ ನೋಡು ಎಂದಳು. ಒಲೆ ಆರಿರಲಿಲ್ಲ.

ಮಾರ್ಚ್ 6

ತಪಾಸಣೆ ಆಯಿತು. ಮೂರು ಜನ ಬಂದಿದ್ದರು. ಇಪ್ಪತ್ತಾರು ಕೈ ಮೇಲೇರಿದವು, ಕರೆದವರೆಲ್ಲ ಸರಿಯಾಗಿ ಹೇಳಿದರು. ಹೆಡ್ಮಾಸ್ಟರು ಕುರಿ ಕೊಯ್ಯಿಸಿದ್ದರು.

ನಾನು ಒಲೆಯ ಹತ್ತಿರ ಇದ್ದೆ. ಹಂಗೋಮಾ ಹಲಗೆಯ ಮೇಲೆ ಒಂದು ವಾಕ್ಯ ಬರೆದು ಯಾರು ಓದುತ್ತೀರಿ ಎಂದಾಗ ನಿಸೋಳ ತುಟಿ ಅಲ್ಲಾಡುತ್ತಿತ್ತು. ಅವಳು ಓದುತ್ತಿದ್ದಳು. ಕೊನೆಯವರೆಗೂ ಓದಿದಳು, ಒಂದು ಅಕ್ಷರವೂ ತಪ್ಪಲಿಲ್ಲ, ನನಗೆ ಕೇಳಿಸುತ್ತಿತ್ತು. ಓದುತ್ತಲೇ ಎಡಗೈ ಎತ್ತಿದ್ದಳು. ಬಲಗೈಯನ್ನು ತೊಡೆಯ ಕೆಳಗೆ ಒತ್ತಿಕೊಂಡಿದ್ದಳು, ತಪ್ಪಿ ಮೇಲೇಳದಿರಲಿ ಎಂದು.

ಹಂಗೋಮಾ ಅವಳ ತುಟಿಯನ್ನು ನೋಡಿದಳು. ನೋಡಿ, ಫರ್ರೂಖನನ್ನು ಕರೆದಳು.

ಆಮೇಲೆ ನಾನು ನಿಸೋಳನ್ನು ಕೇಳಿದೆ, ಗೊತ್ತಿತ್ತಲ್ಲ, ಬಲಗೈ ಎತ್ತಬಾರದಿತ್ತೇ ಎಂದು.

"ನಂದು ಎಡಗೈ ಅಂತ ಮುಅಲ್ಲಿಮಾ ಹೇಳಿದ್ದಾರಲ್ಲಾ," ಎಂದಳು.

ಮಾರ್ಚ್ 9

ಹೇಳಿದೆ. ಮಕ್ಕಳು ಹೋದ ಮೇಲೆ ಹಂಗೋಮಾ ಕಿಟಕಿ ಮುಚ್ಚುತ್ತಿದ್ದಳು. ಪೊರಕೆ ಹಿಡಿದುಕೊಂಡೇ ಹೇಳಿದೆ. ಕಾಗದ ಕೊಟ್ಟವಳು ನಾನು, ಅಪಾ ಅಲ್ಲ, ಹೆಡ್ಮಾಸ್ಟರು ಹೊಗಳಿದರು ಎಂದು ಕೊಟ್ಟೆ. ಒಂದೇ ಉಸಿರಿಗೆ ಮುಗಿಯಿತು. ಐದು ವಾರ ಹೊತ್ತದ್ದು ಇಷ್ಟು ಚಿಕ್ಕದಿತ್ತು.

"ಗೊತ್ತು," ಎಂದಳು.

"ಯಾವಾಗಿಂದ?"

"ಚಹಾ ಚೆಲ್ಲಿದೆಯಲ್ಲ, ಆವಾಗಿಂದ."

ಹಾಗಾದರೆ ಅಪಾ ಬೇಡವೆಂದು ಯಾಕೆ ಬರೆದುಕೊಟ್ಟೆ ಎಂದು ಕೇಳಿದೆ. ಅವಳು ಕಿಟಕಿಯ ಅಗುಳಿಯನ್ನು ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

"ಅವರು ಬಂದ್ರೆ ಮತ್ತೆ ಏನು ಕಾಣ್ತಿದೆ ಅಂತ ಕೇಳ್ತಿದ್ರು. ಅಷ್ಟು ಜನ ನಕ್ಕಮೇಲೆ ನನಗೆ ಏನೂ ಕಾಣೋದು ಬೇಡವಾಗಿತ್ತು ಮವ್ಜುದಾ. ನೀನು ಬಾಯಿ ಬಿಡಲಿಲ್ಲ, ನನಗೂ ಅದೇ ಅನುಕೂಲ ಆಯ್ತು."

ಬೈದಿದ್ದರೆ ಚೆನ್ನಾಗಿತ್ತು. ಇಬ್ಬರೂ ನೆಲ ಗುಡಿಸಿದೆವು. ಅವಳು ಬೆಂಚು ಎತ್ತಿದಳು, ನಾನು ಕೆಳಗೆ ಗುಡಿಸಿದೆ.

ಮಾರ್ಚ್ 16

ಅಪಾಗೆ ಪತ್ರ ಬರೆದೆ. ನಡೆದದ್ದನ್ನು ನಡೆದ ಹಾಗೆ ಬರೆದೆ. ಕೆಳಗೆ ಹಂಗೋಮಾ ಎರಡು ಸಾಲು ಸೇರಿಸಿದಳು, ನಾನು ಓದಲಿಲ್ಲ. ಲಾರಿಯವನ ಕೈಗೆ ಕೊಟ್ಟಿದ್ದೇನೆ.

ಮಾರ್ಚ್ 24

ನವ್‌ರೂಜ್ ಮುಗಿದು ಶಾಲೆ ತೆರೆದಾಗ ನಿಸೋ ಬರಲಿಲ್ಲ. ಎರಡನೆಯ ದಿನವೂ ಇಲ್ಲ. ಇವತ್ತು ನಾನು ಗೋಧಿ ಮೊಳಕೆಯಿಂದ ಮಾಡಿದ ಹಬ್ಬದ ಸಿಹಿ ಸುಮಲಕ್ ಒಂದು ಬಟ್ಟಲು ತೆಗೆದುಕೊಂಡು ಅವರ ಮನೆಗೆ ಹೋದೆ. ಒಬ್ಬಳೇ ಒಬ್ಬರ ಮನೆಗೆ ಹೋಗಿ ಮಾತಾಡಿದ್ದು ನೆನಪಿಲ್ಲ. ಹೇಗೆ ಹೋದೆನೋ.

ನಿಸೋ ಅಂಗಳದಲ್ಲಿ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ನಿಂತಿದ್ದಳು. ಸಂಗಿನ್ ಅಕಾ ನನ್ನನ್ನು ಒಳಗೆ ಕೂರಿಸಿ ಚಹಾ ಕೊಟ್ಟರು. ಒಂದು ಪುಟ ತಡೆಯದೆ ಓದಬೇಕು ಎಂದಿದ್ದಿರಲ್ಲ, ಕೇಳಿ ನೋಡಿ ಎಂದೆ. ನಿಸೋ ಪುಸ್ತಕ ತಂದು, ಕೂಸನ್ನು ಕುಲುಕಿಸುತ್ತ ನಿಂತೇ ಓದಿದಳು. ಎಲ್ಲೂ ತಡೆಯಲಿಲ್ಲ. ಒಳಗಿನಿಂದ ತಾಯಿ ಮಲಗಿದ್ದಲ್ಲಿಂದಲೇ ಇನ್ನೊಂದು ಸಲ ಓದು ಎಂದಳು. ಮತ್ತೆ ಓದಿದಳು. ಸಂಗಿನ್ ಅಕಾ ಕಣ್ಣೊರೆಸಿಕೊಂಡರು. ಗೆದ್ದೆವು ಎಂದುಕೊಂಡೆ ನಾನು.

"ಓದೋಕೆ ಬಂತಲ್ಲ, ದೇವರು ದೊಡ್ಡವನು," ಎಂದರು. "ಇನ್ನು ಸಾಕು. ಮನೇಲಿ ಕೈ ಬೇಕಮ್ಮ. ನೀನೂ ಅಷ್ಟೇ ತಾನೇ ಓದಿದ್ದು? ಶಾಲೇಲೇ ಕೆಲಸ ಸಿಕ್ಕಿತಲ್ಲ."

"ಸಾಕಾಗಲಿಲ್ಲ ಅಕಾ," ಎಂದೆ.

ಅವರು ಬಟ್ಟಲಿಗೆ ಇನ್ನಷ್ಟು ಚಹಾ ಸುರಿದು, ತಣ್ಣಗಾಗಿದೆಯೇನೋ ಎಂದರು.

ನವೆಂಬರಿನಲ್ಲೇ ಬೇಲಿಯ ಹತ್ತಿರ ಈ ಮಾತು ಹೇಳಬಹುದಿತ್ತು. ಆಗ ಅವರು ಇನ್ನೂ ನಿರ್ಧಾರ ಮಾಡಿರಲಿಲ್ಲ. ಫೆಬ್ರವರಿಯಲ್ಲಿ ಆ ಮೇಜಿನ ಹತ್ತಿರ ನಾನು ಬಾಯಿ ಬಿಟ್ಟಿದ್ದರೆ ಅಪಾ ಇವತ್ತು ನನ್ನ ಜೊತೆ ಬರುತ್ತಿದ್ದರು. ಅವರ ಮಾತಿಗೆ ಸಂಗಿನ್ ಅಕಾ ಬಗ್ಗುತ್ತಿದ್ದರೋ ಇಲ್ಲವೋ. ಅದು ಇನ್ನು ಎಂದೂ ಗೊತ್ತಾಗುವುದಿಲ್ಲ.

ಏಪ್ರಿಲ್ 3

ಅಪಾ ಉತ್ತರ ಬರೆದಿಲ್ಲ.

ಬೆಳಿಗ್ಗೆ ಹಂಗೋಮಾ ಒಂದು ಬಿಳಿ ಕಾಗದ ಹಿಡಿದು ಸೌದೆ ಕೋಣೆಗೆ ಬಂದಳು. ಬೀಜ ಸುಟ್ಟುಬಿಟ್ಟೆಯಾ ಎಂದು ಕೇಳಿದಳು. ಇಲ್ಲ ಎಂದೆ. ಎಣಿಸಿದಳು, ಇಪ್ಪತ್ತಾರು. ಒಲೆ ಹಚ್ಚುವ ಕಾಲ ಮುಗಿಯಿತು, ಆದರೂ ನೀನು ಬಂದು ಕೂತುಕೋ ಎಂದಳು.

ಎಷ್ಟು ಚೌಕ ಬರೆಯಲಿ ಎಂದೆ. ಮಕ್ಕಳು ಇರುವುದು ಇಪ್ಪತ್ತೈದು.

"ಇಪ್ಪತ್ತಾರು ಬರಿ."

ಫರ್ರೂಖ್ ಕೇಳುವ ಮೊದಲೇ ಟೋಪಿ ಕೊಟ್ಟ. ನಾಲ್ಕು ಬೀಜ ಬಂದವು, ನಾಲ್ಕು ಚುಕ್ಕೆ ಇಟ್ಟೆ. ಐದನೆಯದನ್ನು ಹಂಗೋಮಾ ಕಣ್ಣಿನ ಹತ್ತಿರ ಹಿಡಿದುಕೊಂಡು ತಡೆದಳು. ಆಮೇಲೆ ನಿಸೋ ಎಂದು ಗಟ್ಟಿಯಾಗಿ ಕರೆದು, ಪ್ರಶ್ನೆಯನ್ನು ಪೂರ್ತಿ ಕೇಳಿದಳು. ಮಕ್ಕಳು ಹಿಂದೆ ತಿರುಗಿ ಖಾಲಿ ಜಾಗವನ್ನು ನೋಡಿದರು. ಹಂಗೋಮಾ ಡಿಸೆಂಬರಿನ ಆ ದಿನದ ಹಾಗೆಯೇ, ಅಷ್ಟೇ ಹೊತ್ತು, ಕಾದಳು. ಬೀಜವನ್ನು ಪಕ್ಕಕ್ಕಿಡಲಿಲ್ಲ, ಟೋಪಿಯೊಳಗೇ ಹಾಕಿದಳು.

ಕೇಳಿದ್ದಂತೂ ಕೇಳಿದಳು. ಉತ್ತರ ನನಗೆ ಬೇಡ. ಒಲೆಯ ಪಕ್ಕದ ಚೌಕದಲ್ಲಿ ಒಂದು ಚುಕ್ಕೆ ಇಟ್ಟೆ.